ಯಾರಿಗೂ ಬೇಡವಾಗಿದ್ದ ಆಟಗಾರ

ಬೇಸ್‌ಬಾಲ್ ನಮ್ಮಲ್ಲಿ ಹೆಚ್ಚಿನವರಿಗೆ ಅಷ್ಟಕ್ಕಷ್ಟೆ. ಆದರೂ ಈ ಕತೆ ಕೇಳಿ.

2001ರಲ್ಲಿ ಅಮೆರಿಕದ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ತಂಡ 102 ಪಂದ್ಯ ಗೆದ್ದಿತ್ತು. ಸೀಸನ್ ಮುಗಿದದ್ದೇ ತಡ, ಅದರ ತಾರೆ ಜೇಸನ್ ಜಿಯಾಂಬಿ ಏಳು ವರ್ಷಕ್ಕೆ 12 ಕೋಟಿ ಡಾಲರ್ ಪಡೆದು ಯಾಂಕೀಸ್ ಸೇರಿದ. ಓಕ್‌ಲ್ಯಾಂಡಿನ ಇಡೀ ತಂಡದ ವರ್ಷದ ಸಂಬಳವೇ ಸುಮಾರು 4 ಕೋಟಿ!

ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಕರೆತಂದದ್ದು ಸ್ಕಾಟ್ ಹ್ಯಾಟೆಬರ್ಗ್‌ನನ್ನು. ಕ್ಯಾಚರ್ ಆಗಿದ್ದವನು, ಮೊಣಕೈ ನರಕ್ಕೆ ಪೆಟ್ಟಾಗಿ ಸರಿಯಾಗಿ ಎಸೆಯಲಾರ. ಆದರೆ ಕೆಟ್ಟ ಚೆಂಡಿಗೆ ಬ್ಯಾಟ್ ಬೀಸದ ತಾಳ್ಮೆಯಿತ್ತು. ಅಂಥ ನಾಲ್ಕು ಚೆಂಡು ಬಿಟ್ಟರೆ ಮೊದಲ ಬೇಸ್ ಪುಕ್ಕಟೆ. ಆ ತಾಳ್ಮೆಗೆ ಆಗ ಮಾರುಕಟ್ಟೆಯಲ್ಲಿ ಬೆಲೆಯಿರಲಿಲ್ಲ. ಎಸೆಯೋ ಕೆಲಸ ಕಡಿಮೆಯಿರೋ ಮೊದಲ ಬೇಸ್‌ನಲ್ಲಿ ಅವನನ್ನು ನಿಲ್ಲಿಸಿದರು.

2002ರ ಸೆಪ್ಟೆಂಬರ್ 4ರಂದು ಅವನ ಹೋಮ್‌ರನ್ ತಂಡಕ್ಕೆ ಸತತ 20ನೇ ಗೆಲುವು ತಂದಿತು. ಒಳ್ಳೆಯ ಪಿಚರ್‌ಗಳೂ ಇದ್ದರು, ಪ್ಲೇಆಫ್‌ನಲ್ಲಿ ಸೋತರು, ಎಲ್ಲ ನಿಜ. ಆದರೆ ಆ ಸೀಸನ್‌ನ ಗೆಲುವು 103. ತಾರೆಯಿದ್ದಾಗಿಗಿಂತ ಒಂದು ಜಾಸ್ತಿ...