ಆಯ್ದ ಕತ್ತಿ

ಅಂಚೆಚೀಟಿ ಕೂಡಿಡುವವರಿಗೆ ಒಂದು ಅನುಕೂಲವಿದೆ. ಚೀಟಿಯ ಮೇಲೆ ಸಾಮಾನ್ಯವಾಗಿ ದೇಶದ ಹೆಸರು, ಬೆಲೆ, ಎಷ್ಟೋ ಸಲ ವರ್ಷವೂ ಅಚ್ಚಾಗಿರುತ್ತದೆ. ನಾಣ್ಯದ ಮೇಲೆ ಅರಸನ ಮುದ್ರೆ ಇರುತ್ತದೆ. ಚಾಕು, ಚೂರಿ, ಕತ್ತಿ, ಕಠಾರಿಗಳ ವಿಷಯ ಹಾಗಲ್ಲ. ಯಾವ ಊರಿನ ಕುಲುಮೆಯಲ್ಲಿ ಹುಟ್ಟಿತು, ಯಾರ ಸೊಂಟದಲ್ಲಿತ್ತು, ಏನನ್ನು ಕೊಯ್ಯುತ್ತಿತ್ತು ಎಂಬುದನ್ನು ಬಹುಪಾಲು ಚೂರಿಗಳು ತಾವಾಗಿ ಹೇಳುವುದಿಲ್ಲ. ಅದನ್ನು ಬಳಸಿದವರೋ ಮಾರಿದವರೋ ಹೇಳಬೇಕು, ಕೊಂಡವರು ಬರೆದಿಟ್ಟುಕೊಳ್ಳಬೇಕು.

ಆದ್ದರಿಂದಲೇ ಚೂರಿ ಸಂಗ್ರಹಕ್ಕೆ ಇಳಿದವರು ಬೇಗನೆ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ಸಿಕ್ಕಿದ್ದನ್ನೆಲ್ಲ ತಂದು ಗೋಡೆಗೆ ನೇತುಹಾಕುವುದೇ, ಅಥವಾ ಒಂದು ಸೀಮೆ, ಒಂದು ಲೋಹ, ಒಂದು ಊರು, ಒಂದು ಕೆಲಸ ಎಂದು ಗೆರೆ ಎಳೆದುಕೊಳ್ಳುವುದೇ? ಇದು ಹವ್ಯಾಸಿಗಳ ಖಾಸಗಿ ಪ್ರಶ್ನೆಯಂತೆ ತೋರುತ್ತದೆ. ಆದರೆ ಕಳೆದ ನೂರೈವತ್ತು ವರ್ಷಗಳಲ್ಲಿ ಇಂಥ ಕೆಲವರು ಎಳೆದುಕೊಂಡ ಗೆರೆಗಳಿಂದಾಗಿಯೇ ನಮ್ಮ ದೇಶದ ಎಷ್ಟೋ ಅಲಗುಗಳ ಹೆಸರು, ಊರು ನಮಗೆ ತಿಳಿದಿದೆ. ಗೆರೆಯ ಆಚೆ ಉಳಿದವು ಹೆಚ್ಚಾಗಿ ಗುಜರಿ ಸೇರಿದವು.

ಸೀಮೆಯ ಗೆರೆ ಎಳೆದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಶ್ರೀಮಂತ ವಿಲ್‌ಬ್ರಹಾಂ ಎಗರ್ಟನ್. 1850ರ ದಶಕದಲ್ಲಿ ಭಾರತಕ್ಕೆ ಬಂದಿದ್ದ ಆತ ಇಲ್ಲಿಯ ಆಯುಧಗಳನ್ನು ಕೊಳ್ಳತೊಡಗಿದ. ಆಗ ಯುರೋಪಿನ ಬಹಳ ಮಂದಿ ಸಂಗ್ರಾಹಕರಿಗೆ ‘ಪೌರ್ವಾತ್ಯ ಆಯುಧ’ ಎಂಬ ಒಂದೇ ಮೂಟೆ ಸಾಕಾಗಿತ್ತು. ತುರ್ಕಿಯದೂ ಅದರಲ್ಲೇ, ತಂಜಾವೂರಿನದೂ ಅದರಲ್ಲೇ. ಎಗರ್ಟನ್ ಆ ಮೂಟೆ ಬಿಚ್ಚಿ ಪ್ರಾಂತ್ಯ, ಜನಾಂಗಗಳ ಪ್ರಕಾರ ವಿಂಗಡಿಸಿದ. 1880ರಲ್ಲಿ ಆತ ಪ್ರಕಟಿಸಿದ ಭಾರತೀಯ ಆಯುಧಗಳ ಸಚಿತ್ರ ಕೈಪಿಡಿ ಲಂಡನ್ನಿನ ಇಂಡಿಯಾ ಮ್ಯೂಸಿಯಂನಲ್ಲಿದ್ದ ಆಯುಧಗಳ ವಿವರವಾದ ಪಟ್ಟಿ. ಮಧ್ಯ ಭಾರತದ ಬುಡಕಟ್ಟುಗಳ ಕೊಡಲಿಗಳಿಂದ ಮೊಗಲರ ರತ್ನಖಚಿತ ಕಠಾರಿಗಳವರೆಗೆ ಒಂದೊಂದಕ್ಕೂ ಅದರ ನೆಲೆ ಕೊಟ್ಟಿದ್ದಾನೆ. ಕೊಡಗಿನ ಕತ್ತಿಗೂ ಅದರಲ್ಲಿ ಜಾಗವಿದೆ.

ವಿಚಿತ್ರವೆಂದರೆ ಪುಸ್ತಕ ಹೊರಬರುವ ಹೊತ್ತಿಗೆ ಆ ಮ್ಯೂಸಿಯಮ್ಮೇ ಇರಲಿಲ್ಲ. ಈಸ್ಟ್ ಇಂಡಿಯಾ ಕಂಪೆನಿ 1801ರಲ್ಲಿ ಸ್ಥಾಪಿಸಿದ್ದ ಆ ಸಂಗ್ರಹವನ್ನು 1879ರಲ್ಲಿ ಮುಚ್ಚಿ, ವಸ್ತುಗಳನ್ನು ಬೇರೆ ಬೇರೆ ಸಂಸ್ಥೆಗಳಿಗೆ ಹಂಚಲಾಯಿತು. ಕಪಾಟುಗಳು ಚದುರಿಹೋದವು, ಪಟ್ಟಿ ಉಳಿಯಿತು. ಭಾರತದ ಚೂರಿಗಳ ಬಗ್ಗೆ ಬರೆಯುವವರು ಈಗಲೂ ಎಗರ್ಟನ್‌ನ ಪುಸ್ತಕ ತೆರೆಯುತ್ತಾರೆ.

ಅದೇ ಕಾಲದಲ್ಲಿ ತಂಜಾವೂರಿನಲ್ಲಿ ನಡೆದದ್ದನ್ನು ನೋಡಿದರೆ ಈ ಪಟ್ಟಿಯ ಬೆಲೆ ತಿಳಿಯುತ್ತದೆ. ಅಲ್ಲಿಯ ಕೊನೆಯ ಮರಾಠ ದೊರೆ ಶಿವಾಜಿ ಗಂಡುಸಂತಾನವಿಲ್ಲದೆ 1855ರಲ್ಲಿ ತೀರಿಕೊಂಡಾಗ ಕಂಪೆನಿ ಸಂಸ್ಥಾನವನ್ನು ತನ್ನದಾಗಿಸಿಕೊಂಡಿತು. ಅರಮನೆಯ ಆಯುಧಶಾಲೆಯಲ್ಲಿ ನಾಯಕ ಅರಸರ ಕಾಲದಿಂದ ಬಂದ ಕಠಾರಿಗಳು, ಕತ್ತಿಗಳು, ಆನೆಯ ಅಂಕುಶಗಳು ರಾಶಿಯಾಗಿ ಬಿದ್ದಿದ್ದವು. ಹಿಡಿಗಳಲ್ಲಿ ಯಾಳಿ, ಗಿಳಿ, ಹಂಸಗಳನ್ನು ಕೆತ್ತಿದ ಕೆಲಸ. ವಿಜಯನಗರದ ಶೈಲಿಯನ್ನು ಬಲ್ಲವರಿಗೆ ಇವು ನೆಂಟರಂತೆ ಕಾಣುತ್ತವೆ. 1860ರ ದಶಕದಲ್ಲಿ ಸರ್ಕಾರ ಈ ಆಯುಧಶಾಲೆಯನ್ನು ಬರಿದು ಮಾಡಿತು. ಆರಿಸಿದ ಕೆಲವು ಮದರಾಸಿನ ಮ್ಯೂಸಿಯಂ ಸೇರಿದವು, ಮಿಕ್ಕ ರಾಶಿ ಹಳೆಯ ಕಬ್ಬಿಣವಾಗಿ ಹೋಯಿತು. ದಕ್ಷಿಣ ಕನ್ನಡದಲ್ಲೂ ಅಧಿಕಾರಿಯಾಗಿದ್ದ ಎಂ. ಜೆ. ವಾಲ್‌ಹೌಸ್ 1878ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಈ ಆಯುಧಶಾಲೆಯ ಬಗ್ಗೆ ಒಂದು ಲೇಖನ ಬರೆದ. ಹೇಗೋ ಪಾರಾದ ತಂಜಾವೂರು ಕಠಾರಿಗಳು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಗಾಜಿನೊಳಗೆ ಕುಳಿತಿವೆ. ತೂಕಕ್ಕೆ ಹೋದವುಗಳಲ್ಲಿ ಏನೇನಿತ್ತೋ ಹೇಳುವವರಿಲ್ಲ.

ಲೋಹದ ಬೆನ್ನು ಹತ್ತಿದವರ ಕಥೆ ಬೇರೆ. ಹೆನ್ರಿ ಮೋಸರ್ ಸ್ವಿಟ್ಜರ್‌ಲೆಂಡಿನ ಗಡಿಯಾರ ವ್ಯಾಪಾರಿಯೊಬ್ಬನ ಮಗ, 1844ರಲ್ಲಿ ಹುಟ್ಟಿದವನು. ಮಧ್ಯ ಏಷ್ಯದಲ್ಲಿ ಸುತ್ತಾಡಿ ಕೂಡಿಸಿದ ಅಪಾರ ಆಯುಧಗಳನ್ನು 1914ರಲ್ಲಿ ಬರ್ನ್ ನಗರದ ಇತಿಹಾಸ ಮ್ಯೂಸಿಯಂಗೆ ಕೊಟ್ಟ. ಅವನನ್ನು ಸೆಳೆದದ್ದು ಮೇಲ್ಮೈಯಲ್ಲಿ ನೀರಿನ ಅಲೆಯಂಥ ಗೆರೆಗಳಿರುವ ‘ಡಮಾಸ್ಕಸ್’ ಅಲಗುಗಳು. ಹೆಸರು ಸಿರಿಯದ್ದಾದರೂ ಉಕ್ಕು ಬಹುಮಟ್ಟಿಗೆ ಭಾರತದ್ದು. ಮಣ್ಣಿನ ಮೂಸೆಯಲ್ಲಿ ಕಬ್ಬಿಣ ಮತ್ತು ಸೌದೆಯ ಚೂರುಗಳನ್ನು ಮುಚ್ಚಿ ಕಾಯಿಸಿ ತಯಾರಿಸುತ್ತಿದ್ದ ಈ ಉಕ್ಕಿಗೆ ಇಂಗ್ಲಿಷರು ‘ವೂಟ್ಜ್’ ಎಂದರು. ಅದು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದೆಂಬ ಅಭಿಪ್ರಾಯ ವ್ಯಾಪಕವಾಗಿದೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಆ ಮೂಸೆಗಳ ಅವಶೇಷಗಳು ಸಿಕ್ಕಿವೆ.

ಮೋಸರ್ ಎರಡು ಕಠಾರಿ ಮತ್ತು ನಾಲ್ಕು ಖಡ್ಗಗಳನ್ನು ಕತ್ತರಿಸಿ ಪರೀಕ್ಷಿಸಲೆಂದೇ ಬಿಟ್ಟುಕೊಟ್ಟ. ಸಂಗ್ರಾಹಕರ ಪೈಕಿ ಇದು ಅಪರೂಪದ ಎದೆಗಾರಿಕೆ. ಹಿಡಿಯ ಹೊಳಪು ಮಾಸಿದರೇ ನಿದ್ದೆ ಬಾರದವರು ಹೆಚ್ಚು. ಚೊಕ್ಕೆ ಎಂಬ ಲೋಹತಜ್ಞ 1924ರಲ್ಲಿ ಅವುಗಳ ವಿಶ್ಲೇಷಣೆ ಪ್ರಕಟಿಸಿದ. ಕತ್ತರಿಸಿ ಉಳಿದಿದ್ದ ಖಡ್ಗಗಳ ತುಂಡುಗಳು ಮುಂದೆ ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಅವರ ಕೈ ಸೇರಿದವು. ಅಲೆಯ ಗೆರೆಗಳಿಗೆ ಕಾರಣ ಅದಿರಿನಲ್ಲಿ ಅತ್ಯಲ್ಪವಾಗಿ ಬೆರೆತಿದ್ದ ವನೇಡಿಯಂನಂಥ ಧಾತುಗಳೆಂದು ಅವರು 1998ರಲ್ಲಿ ತೋರಿಸಿದರು. ಅಂಥ ಅದಿರು ಸಿಗುವುದು ನಿಂತಮೇಲೆ ಕಮ್ಮಾರರ ವಿದ್ಯೆಯೂ ಕೈತಪ್ಪಿತೆಂಬುದು ಅವರ ವಾದ. ಮೋಸರ್‌ಗೆ ಬರೀ ಚಿನ್ನದ ಹಿಡಿಗಳ ಹುಚ್ಚಿದ್ದಿದ್ದರೆ ಈ ಪ್ರಯೋಗಕ್ಕೆ ತುಂಡು ಸಿಗುತ್ತಿರಲಿಲ್ಲ.

ಒಂದು ಊರನ್ನೇ ಹಿಡಿದವರೂ ಇದ್ದಾರೆ. ಇಂಗ್ಲೆಂಡಿನ ಷೆಫೀಲ್ಡ್ ಚಾಕುವಿಗೆ ಎಷ್ಟು ಹಳೆಯ ಹೆಸರೆಂದರೆ 14ನೆಯ ಶತಮಾನದ ಕವಿ ಚಾಸರ್ ತನ್ನ ಪಾತ್ರವೊಂದಕ್ಕೆ ಆ ಊರಿನ ಚಾಕು ಕೊಟ್ಟಿದ್ದಾನೆ. ಅಲ್ಲಿ ಉಪಕರಣಗಳ ಅಂಗಡಿ ಇಟ್ಟಿದ್ದ ಕೆನ್ ಹಾಲಿ ಷೆಫೀಲ್ಡಿನಲ್ಲಿ ತಯಾರಾದ ಚಾಕು ಮತ್ತು ಹತ್ಯಾರುಗಳನ್ನು ದಶಕಗಳ ಕಾಲ ಕೂಡಿಸಿದರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿದ್ದ ಕಾಲವದು. ಹಾಲಿ ಮುಗಿದ ಚಾಕುಗಳಿಗಷ್ಟೇ ನಿಲ್ಲಲಿಲ್ಲ. ಅರ್ಧ ಬಡಿದ ಅಲಗು, ಬೆಲೆಪಟ್ಟಿಯ ಪುಸ್ತಕ, ಕೆಲಸಗಾರರ ಸಲಕರಣೆ, ಎಲ್ಲವನ್ನೂ ತಂದರು. ಕಬ್ಬಿಣದ ಪಟ್ಟಿಯೊಂದು ಹಂತಹಂತವಾಗಿ ಚಾಕುವಾಗುವುದನ್ನು ಈಗ ಆ ಊರಿನ ಕೆಲಂ ಐಲೆಂಡ್ ಮ್ಯೂಸಿಯಂನಲ್ಲಿ ನೋಡಬಹುದು. ಹಾಲಿ 2014ರಲ್ಲಿ ತೀರಿಕೊಂಡರು.

ಇನ್ನು ದೊಡ್ಡವರ ಹೆಸರಿನ ಬೆನ್ನು ಹತ್ತುವುದು. ಇದು ಹಣವಂತರ ದಾರಿ. ಟಿಪ್ಪು ಸುಲ್ತಾನನ ಶಯನಗೃಹದ್ದೆಂದು ಹೇಳಲಾದ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು. ಇಲ್ಲಿ ಬೆಲೆ ಬಂದದ್ದು ಉಕ್ಕಿಗಿಂತ ಹೆಚ್ಚಾಗಿ ಹೆಸರಿಗೆ. ಸಾಮಾನ್ಯ ಸಂಬಳದವರು ಈ ಕಡೆ ತಲೆ ಹಾಕದಿರುವುದೇ ಕ್ಷೇಮ. ಹೆಸರಿರುವಲ್ಲಿ ನಕಲಿಯೂ ಹುಟ್ಟಿಕೊಳ್ಳುತ್ತದೆ.

ಬಡಪಾಯಿ ವಸ್ತುಗಳನ್ನು ಹಿಡಿದು ದೊಡ್ಡ ಕೆಲಸ ಮಾಡಿದವರು ನೆರೆಯ ಪುಣೆಯಲ್ಲೇ ಇದ್ದರು. ಕನ್ನಡಕದ ಅಂಗಡಿಯ ಮಾಲೀಕರೂ ಮರಾಠಿ ಕವಿಯೂ ಆಗಿದ್ದ ದಿನಕರ ಕೇಳ್ಕರ್ ದೀಪ, ಬೀಗ, ಪಾತ್ರೆಗಳ ಜೊತೆಗೆ ನೂರಾರು ಬಗೆಯ ಅಡಕತ್ತರಿಗಳನ್ನು ಕೂಡಿಸಿದರು. ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ಹೆಸರನ್ನು ಸಂಗ್ರಹಾಲಯಕ್ಕಿಟ್ಟು 1975ರಲ್ಲಿ ಅದನ್ನು ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಕುದುರೆಯ ಆಕಾರ, ನವಿಲಿನ ಆಕಾರ, ಜೋಡಿ ಹೆಣ್ಣುಗಳ ಆಕಾರ ಹೀಗೆ ಅಡಿಕೆ ಕತ್ತರಿಸುವ ಒಂದು ಅಲಗಿಗೆ ಎಷ್ಟು ವೇಷವೆಂದು ಬೆರಗಾಗುತ್ತದೆ. ಅಡಕತ್ತರಿಯ ಹುಚ್ಚು ನ್ಯೂಯಾರ್ಕಿನ ಗಣಿತಜ್ಞ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಅವರಿಗೂ ಇತ್ತು. ಅವರ ಅಡಕತ್ತರಿಗಳ ಮೇಲೆಯೇ ಒಂದು ಸಚಿತ್ರ ಗ್ರಂಥ ಬಂದಿದೆ. ಎಲೆ ಅಡಿಕೆ ಹಾಕುವ ನಾವು ಅದನ್ನು ಡಬ್ಬಿಯ ಮೂಲೆಯಲ್ಲಿ ತುಕ್ಕು ಹಿಡಿಯಲು ಬಿಟ್ಟಿದ್ದೇವೆ!

ಕರ್ನಾಟಕದಲ್ಲಿ ಕುಳಿತು ಒಂದೇ ಗೆರೆ ಎಳೆಯಬೇಕೆಂದರೆ ಮೊದಲು ನೆನಪಾಗುವುದು ಕೊಡಗು. ಕೊಡವರ ಸಾಂಪ್ರದಾಯಿಕ ಉಡುಪಿನಲ್ಲಿ ಎರಡು ಕತ್ತಿಗಳಿವೆ. ಕುಪ್ಯದ ಮೇಲೆ ಕಟ್ಟುವ ಕೆಂಪು ಚೇಲೆಯಲ್ಲಿ ಮುಂದೆ ಸಿಕ್ಕಿಸುವುದು ಪೀಚೆಕತ್ತಿ. ಒರೆಗೆ ಬೆಳ್ಳಿಯ ಕಟ್ಟು, ಹಿಡಿಗೆ ದಂತ ಅಥವಾ ಕೊಂಬು, ಬೆಳ್ಳಿಯ ಸರಪಳಿ. ಆ ಸರಪಳಿಯ ತುದಿಯಲ್ಲಿ ಚಿಮಟ, ಕಿವಿ ಕಡ್ಡಿ ಮೊದಲಾದ ಪುಟ್ಟ ಸಲಕರಣೆಗಳು ತೂಗುತ್ತಿರುತ್ತವೆ. ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಕೊಂಡಿಯಲ್ಲಿ ಸಿಕ್ಕಿಸುವುದು ಒಡಿಕತ್ತಿ. ಅಗಲವಾದ, ಮುಂದಕ್ಕೆ ಬಾಗಿದ ಅಲಗು, ಒರೆ ಇಲ್ಲ. ಯುದ್ಧದ ಕಾಲ ಮುಗಿದರೂ ಮದುವೆಯಲ್ಲಿ ಬಾಳೆಯ ದಿಂಡು ಕಡಿಯಲು ಇದೇ ಬೇಕು. ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್‌ಪೂ ಇಟ್ಟು ಪೂಜಿಸುವ ಆಯುಧಗಳಲ್ಲಿ ಇದೂ ಒಂದು.

ಇದಕ್ಕೆ ‘ಆಯುಧಕತ್ತಿ’ ಎಂಬ ಹೆಸರೂ ಉಂಟು. ಅಮೆರಿಕದ ಲೋಹತಜ್ಞ ಜಾರ್ಜ್ ಕ್ಯಾಮರಾನ್ ಸ್ಟೋನ್ 1934ರಲ್ಲಿ ಪ್ರಕಟಿಸಿದ ಜಗತ್ತಿನ ಆಯುಧಗಳ ಕೋಶದಲ್ಲಿ ಅದು ‘ಆಯ್ದ ಕಟ್ಟಿ’ ಆಗಿ ಕುಳಿತಿದೆ. ಹರಾಜಿನ ಪಟ್ಟಿಗಳು ಇಂದಿಗೂ ಅದನ್ನೇ ಅಚ್ಚು ಹಾಕುತ್ತವೆ. ಸ್ಟೋನ್ ಎಲ್ಲ ದೇಶ, ಎಲ್ಲ ಕಾಲಗಳನ್ನೂ ಒಂದೇ ಸಂಪುಟದಲ್ಲಿ ಹಿಡಿಯಹೊರಟವನು, ಇಂಥ ತಪ್ಪು ಸಹಜವೇ. ಆದರೆ ಕನ್ನಡದ ಕಿವಿಗೆ ‘ಆಯ್ದ ಕತ್ತಿ’ ಎಂದು ಕೇಳಿಸಿದರೆ ಅದರ ಸೊಗಸೇ ಬೇರೆ. ಕೊಡಗಿನ ಕತ್ತಿಯನ್ನು ಮಲಬಾರಿನ ಮಾಪಿಳ್ಳೆಯರ ಕತ್ತಿಯೊಂದಿಗೆ ಬೆರೆಸುವವರೂ ಇದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಮಾತ್ರ ವ್ಯತ್ಯಾಸ ತಿಳಿದೀತು. ಗೆರೆ ಕಿರಿದಾದಷ್ಟೂ ಕಣ್ಣು ಚುರುಕಾಗುವುದು ಹೀಗೆ. ಹತ್ತು ಪೀಚೆಕತ್ತಿ ನೋಡಿದವರಿಗೆ ಹನ್ನೊಂದನೆಯದರ ಸರಪಳಿ ಹೊಸದೆಂದು ದೂರದಿಂದಲೇ ಗೊತ್ತಾಗಬಹುದು. ಆದರೆ ಒಂದು ಮಾತು. ಮನೆತನದಲ್ಲಿ ಪೂಜೆಗೊಳ್ಳುವ ಕತ್ತಿಯನ್ನು ಹಣದ ಆಸೆ ತೋರಿಸಿ ಹೊರತರುವುದನ್ನು ಸಂಗ್ರಹ ಎನ್ನಲಾಗದು. ಅಂಥದ್ದರ ಚಿತ್ರ, ಅಳತೆ, ಮನೆಯವರು ಹೇಳುವ ವಿವರ ಬರೆದುಕೊಂಡರೆ ಸಾಕು.

ಕಾನೂನನ್ನೂ ಮರೆಯುವಂತಿಲ್ಲ. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳವು ಆಯುಧ ಕಾಯ್ದೆಯ ನಿಯಮಗಳಲ್ಲಿ ಶಸ್ತ್ರಗಳ ಪಟ್ಟಿಗೆ ಸೇರುತ್ತವೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವು ಇದರಿಂದ ಹೊರಗೆ. ನೂರು ವರ್ಷ ದಾಟಿದ ಕಲಾವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸುತ್ತದೆ, ಅವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಕೊಳ್ಳುವ ಮೊದಲು ಪೊಲೀಸ್ ಠಾಣೆಯಲ್ಲಿ ವಿಚಾರಿಸುವುದು ಒಳ್ಳೆಯದು.

ಕೈಯಲ್ಲಿ ಹೆಚ್ಚು ದುಡ್ಡಿಲ್ಲದವರಿಗೆ, ಕಾನೂನಿನ ತೊಡಕೂ ಬೇಡವೆನ್ನುವವರಿಗೆ ಬೇಸಾಯದ ಕತ್ತಿಗಳಿಗಿಂತ ಒಳ್ಳೆಯ ಆಯ್ಕೆ ಇಲ್ಲವೆಂದು ನನ್ನ ಅನಿಸಿಕೆ. ಬಯಲುಸೀಮೆಯ ಈಳಿಗೆ ಮಣೆ, ಭತ್ತ ಕೊಯ್ಯುವ ಕುಡುಗೋಲು, ಕರಾವಳಿಯ ಮೂರ್ತೆದಾರರ ಕತ್ತಿ, ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ, ಒಂದೊಂದರ ಬಾಗೂ ಒಂದೊಂದು ಕೆಲಸಕ್ಕೆ ತಕ್ಕಂತೆ ಬಂದದ್ದು. ಇವುಗಳಿಗೆ ಎಗರ್ಟನ್ ಇಲ್ಲ, ಸ್ಟೋನ್ ಇಲ್ಲ. ಕೊಂಡ ದಿನವೇ ಒಂದು ಚೀಟಿ ಕಟ್ಟಬೇಕು: ಊರು, ಬಡಿದ ಕಮ್ಮಾರನ ಹೆಸರು, ಬಳಸಿದವರು, ಸ್ಥಳೀಯ ಹೆಸರು, ಕೊಯ್ಯುತ್ತಿದ್ದ ಬೆಳೆ, ಕೊಂಡ ತಾರೀಖು. ಅಲಗಿಗೆ ತೆಳುವಾಗಿ ಎಣ್ಣೆ ಸವರಿ ಇಡಬೇಕು. ಚರ್ಮದ ಒರೆಯಿದ್ದರೆ ಅದನ್ನು ಬೇರೆ ಇಡುವುದು ವಾಸಿ, ಏಕೆಂದರೆ ಚರ್ಮ ತೇವ ಹಿಡಿದು ಉಕ್ಕನ್ನು ತಿನ್ನುತ್ತದೆ.

ಅಡಿಕೆ ಸುಲಿಯುವ ಯಂತ್ರ ಈಗ ಅನೇಕ ಮನೆಗಳ ಅಂಗಳಕ್ಕೆ ಬಂದಿದೆ. ಸುಗ್ಗಿಯ ರಾತ್ರಿಗಳಲ್ಲಿ ಸಾಲಾಗಿ ಕುಳಿತು ಸುಲಿಯುತ್ತಿದ್ದವರ ಮೆಟ್ಟುಗತ್ತಿಗಳು ಅಟ್ಟ ಸೇರಿವೆ. ಹಳೆಯ ಕಬ್ಬಿಣ ಕೊಳ್ಳುವವರು ಅವನ್ನು ಕಿಲೋ ಲೆಕ್ಕದಲ್ಲಿ ಒಯ್ಯುತ್ತಾರೆ. ಕೇಳಿದರೆ ಇನ್ನೂ ನೂರಿನ್ನೂರು ರೂಪಾಯಿಗೆ ಒಂದನ್ನು ಕೊಟ್ಟಾರು, ಯಾರು ಯಾವ ವರ್ಷ ಬಡಿಸಿದ್ದೆಂದು ಹೇಳುವ ಅಜ್ಜಿಯೂ ಅದೇ ಮನೆಯಲ್ಲಿ ಸಿಕ್ಕಾರು.