ಹಳೇ ಯಂತ್ರದ ಮಿದುಳು

ರಾಗಿ, ಹುರುಳಿ ಬೆಳೆಯುತ್ತಿದ್ದ ನಮ್ಮ ಹೊಸೂರು ಸೀಮೆಗೆ 1980ರ ಆಸುಪಾಸಿನಿಂದ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಒಂದೊಂದಾಗಿ ಬಂದವು. ದೊಡ್ಡ ಕಾರ್ಖಾನೆಗಳ ಬೆನ್ನಿಗೆ ಬಿಡಿಭಾಗ ಮಾಡುವ ಸಣ್ಣ ಶೆಡ್ಡುಗಳೂ ಎದ್ದವು. ಅವುಗಳ ಜೀವಾಳ ಸಿಎನ್‌ಸಿ ಲೇತು. ಅಂಕಿಗಳ ಆಜ್ಞೆಯಿಂದ ಯಂತ್ರ ನಡೆಸುವುದನ್ನು ಅಮೆರಿಕದ ಎಂಐಟಿ 1952ರಲ್ಲೇ ತೋರಿಸಿತ್ತು. ಆಗ ಆಜ್ಞೆ ಇದ್ದದ್ದು ತೂತು ಹೊಡೆದ ಪಟ್ಟಿಯಲ್ಲಿ. ಆ ಜಾಗಕ್ಕೆ ಆಮೇಲೆ ಕಂಪ್ಯೂಟರ್ ಬಂತು.

ನಾನು ದುಡಿಯುತ್ತಿದ್ದ ಶೆಡ್ಡಿನಲ್ಲಿ ಒಂದು ದಿನ ಲೇತಿನ ಕಂಟ್ರೋಲರ್ ಪರದೆ ಕಪ್ಪಾಯ್ತು. ಆರು ಮನೆಗಳ ಅನ್ನ ಅದರಲ್ಲಿತ್ತು. ಹೊಸದು ಹಾಕೋಣ ಅಂದ್ರೆ ಮೋಟಾರು, ಡ್ರೈವು, ವೈರಿಂಗು ಎಲ್ಲಾ ಬದಲಾಗಬೇಕು. ಹಳೇದಕ್ಕೋ, ಬೋರ್ಡು ತಯಾರಾಗೋದೇ ನಿಂತಿದೆ.

ಮೊದಲು ಕಬ್ಬಿಣ ನೋಡಿದೆವು. ಬೆಡ್ಡು, ಬಾಲ್‌ಸ್ಕ್ರೂ ಸವೆದಿದ್ದರೆ ಎಂಥ ಮಿದುಳು ಕೊಟ್ಟರೂ ವ್ಯರ್ಥ. ಡಯಲ್ ಗೇಜಿನಲ್ಲಿ ಎರಡೂ ಗಟ್ಟಿಯಾಗೇ ಕಂಡವು. ಪವರ್ ಸಪ್ಲೈನ ಕೆಪಾಸಿಟರುಗಳು ಒಣಗಿದ್ದವು. ಬ್ಯಾಟರಿ ಸತ್ತು ನೆನಪಿನಲ್ಲಿದ್ದ ಪ್ಯಾರಾಮೀಟರುಗಳು ಅಳಿಸಿಹೋಗಿದ್ದವು. ಪುಣ್ಯಕ್ಕೆ ಅವುಗಳ ಪಟ್ಟಿ ಪೆಟ್ಟಿಗೆ ಬಾಗಿಲ ಒಳಗೆ ಅಂಟಿತ್ತು. ಕೆಪಾಸಿಟರು, ಬ್ಯಾಟರಿ ಬದಲಿಸಿ ಒಂದೊಂದೇ ಅಂಕಿ ಒತ್ತಿದೆವು, ಲೇತು ತಿರುಗಿತು.

ದುರಸ್ತಿಯೇ ಸರಿ ಅಂತ ತೀರ್ಮಾನವಾಯ್ತು, ಆದರೆ ಒಂದು ಕರಾರಿನ ಮೇಲೆ: ಮುಖ್ಯ ಬೋರ್ಡೇ ಸತ್ತ ದಿನ ಹೊಸ ಕಂಟ್ರೋಲರ್. ಅದಕ್ಕಾಗಿ ಆ ತಿಂಗಳಿಂದಲೇ ಹಣ ಎತ್ತಿಡತೊಡಗಿದರು. ಪಟ್ಟಿಯ ಎರಡು ಪ್ರತಿ ಬರೆದು ಒಂದನ್ನು ಮಾಲೀಕರ ಮನೆಯಲ್ಲಿಟ್ಟೆವು.