ಟಿಸಿ ಯಾಕೆ ಗುಂಯ್ ಅನ್ನುತ್ತೆ? ಶಬ್ದ ಕಮ್ಮಿ ಮಾಡೋ ದಾರಿ ಏನು?

ರಾತ್ರಿ ಅಂಗಡಿ ಬಾಗಿಲು ಹಾಕಿ ಮಲಗಿದ ಮೇಲೆ ರಸ್ತೆ ಬದಿಯ ಟಿಸಿ, ಅಂದ್ರೆ ವಿದ್ಯುತ್ ಪರಿವರ್ತಕ, ಗುಂಯ್ ಅನ್ನೋದು ಕಿವಿಗೆ ಬೀಳುತ್ತೆ. ಪಕ್ಕದ ಮನೆಯವರಿಗೆ ನಿದ್ದೆ ಬರಲ್ಲ. ಇದು ಎಲ್ಲಿಂದ ಬರುತ್ತೆ, ಇದನ್ನ ಕಮ್ಮಿ ಮಾಡಬಹುದಾ ಅನ್ನೋ ಮಾಹಿತಿ ಇಲ್ಲಿದೆ.

ಶಬ್ದದ ಮೂಲ
ಟಿಸಿ ಒಳಗೆ ತೆಳುವಾದ ಸಿಲಿಕಾನ್ ಉಕ್ಕಿನ ತಗಡುಗಳನ್ನು ಪೇರಿಸಿ ಮಾಡಿದ ಕೋರ್ ಇರುತ್ತೆ. ಕಾಂತಶಕ್ತಿ ಹರಿದಾಗ ಈ ತಗಡು ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತೆ. ನಮ್ಮ ಕರೆಂಟು 50 ಹರ್ಟ್ಜ್. ಒಂದು ಆವರ್ತಕ್ಕೆ ಎರಡು ಸಲ ಈ ಕ್ರಿಯೆ ನಡೆಯುವುದರಿಂದ ಸೆಕೆಂಡಿಗೆ 100 ಸಲ ಕಂಪನ. ಅದೇ ಗುಂಯ್ ಶಬ್ದ. ಇದು ಲೋಡ್‌ಗಿಂತ ವೋಲ್ಟೇಜ್ ಮೇಲೆ ಹೆಚ್ಚು ನಿಂತಿದೆ. ರಾತ್ರಿ ಬಳಕೆ ಇಳಿದು ವೋಲ್ಟೇಜ್ ಏರಿದರೆ ಶಬ್ದವೂ ಏರುತ್ತೆ. ಊರು ನಿಶ್ಶಬ್ದವಾಗಿರೋದರಿಂದ ಇನ್ನೂ ಜೋರು ಅನ್ನಿಸುತ್ತೆ.

ವಿನ್ಯಾಸದಲ್ಲೇ ಪರಿಹಾರ
* ಕೋರ್ ದಪ್ಪ ಮಾಡಿ ಕಾಂತಸಾಂದ್ರತೆ ಇಳಿಸೋದು. ಶಬ್ದ ಕಮ್ಮಿಯಾಗುತ್ತೆ, ಆದ್ರೆ ಉಕ್ಕು ಜಾಸ್ತಿ ಬೇಕು, ಬೆಲೆ, ತೂಕ ಎರಡೂ ಏರುತ್ತೆ.
* ಮೂಲೆಗಳಲ್ಲಿ ತಗಡುಗಳ ಜೋಡಣೆ ಒಂದೇ ಗೆರೆಗೆ ಬಾರದಂತೆ ಮೆಟ್ಟಿಲು ಮೆಟ್ಟಿಲಾಗಿ ಸೇರಿಸೋದು. ಇದಕ್ಕೆ ಸ್ಟೆಪ್ ಲ್ಯಾಪ್ ಅಂತಾರೆ.
* ಹಿಗ್ಗು ಕುಗ್ಗು ಕಮ್ಮಿ ಇರುವ ಉತ್ತಮ ದರ್ಜೆಯ ಉಕ್ಕು ಬಳಸಿ, ಕೋರನ್ನು ಸಮನಾಗಿ ಬಿಗಿಯೋದು.
* ಕೋರ್ ಮತ್ತು ಟ್ಯಾಂಕ್ ನಡುವೆ, ಟ್ಯಾಂಕ್ ಮತ್ತು ಕಟ್ಟೆ ನಡುವೆ ರಬ್ಬರ್ ಪ್ಯಾಡ್ ಹಾಕೋದು. ಕಂಪನ ಹೊರಗೆ ದಾಟೋದು ತಗ್ಗುತ್ತೆ.
* ಸಬ್‌ಸ್ಟೇಷನ್ನಿನ ದೊಡ್ಡ ಪರಿವರ್ತಕಗಳಲ್ಲಿ ಫ್ಯಾನ್ ಶಬ್ದವೂ ಸೇರುತ್ತೆ. ನಿಧಾನವಾಗಿ ತಿರುಗುವ ದೊಡ್ಡ ಫ್ಯಾನ್ ಇದಕ್ಕೆ ಮದ್ದು.

ತಗಡಿನ ಶೀಟ್ ಅಡ್ಡ ಕಟ್ಟಿದರೆ ಈ ತಗ್ಗು ಸ್ವರದ ಶಬ್ದ ಅಷ್ಟಾಗಿ ನಿಲ್ಲಲ್ಲ. ಗಾಳಿ ತಡೆದರೆ ಟಿಸಿ ಬಿಸಿಯಾಗುತ್ತೆ, ಅಪಾಯ ಬೇರೆ. ಆ ಕೆಲಸಕ್ಕೆ ಕೈ ಹಾಕಬೇಡಿ.

ನಿಯಮ ಏನು ಹೇಳುತ್ತೆ
2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಒಟ್ಟು ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6.

ಯಾವಾಗ ದೂರು ಕೊಡಬೇಕು
ಒಂದೇ ಸಮನೆ ಗುಂಯ್ ಅನ್ನೋದು ಮಾಮೂಲು. ಆದ್ರೆ ಶಬ್ದ ಇದ್ದಕ್ಕಿದ್ದಂತೆ ಬದಲಾದ್ರೆ, ಚಟಪಟ ಅಂದ್ರೆ, ಕಿಡಿ ಕಂಡ್ರೆ, ಆಯಿಲ್ ಸೋರಿದ್ರೆ ಹುಷಾರು. ಹತ್ತಿರ ಹೋಗಬೇಡಿ, ಮಕ್ಕಳನ್ನ, ದನಕರುಗಳನ್ನ ದೂರ ಇಡಿ. 1912ಕ್ಕೆ ಕರೆ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ನಿಮ್ಮ ಬೀದಿಗೆ ಹೊಸ ಟಿಸಿ ಬರೋದಿದ್ದರೆ, ಮಲಗುವ ಕೋಣೆ ಗೋಡೆಯಿಂದ ದೂರ ಜಾಗ ನೋಡಿ ಅಂತ ಕಂಬ ನೆಡುವ ಮೊದಲೇ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ. ನೆಟ್ಟ ಮೇಲೆ ಬದಲಾಯಿಸೋದು ಕಷ್ಟ.